ಕಡಲಲ್ಲಿ ಬಿಟ್ಟು ಬಂದ ಇಬ್ಬರು: ತಲೆ ಎಣಿಕೆ ತಪ್ಪಿದ ದೋಣಿಯ ಕಥೆ

ನೇತ್ರಾಣಿಗೆ ಮುಳುಗಲು ಹೋಗುವವರು ಕೇಳಲೇಬೇಕಾದ ಪ್ರಶ್ನೆಗಳು

ಇಪ್ಪತ್ತಾರು ಪ್ರಯಾಣಿಕರನ್ನು ಕರೆದುಕೊಂಡು ಹೋದ ದೋಣಿ ಇಪ್ಪತ್ನಾಲ್ಕು ಜನರೊಂದಿಗೆ ದಡಕ್ಕೆ ವಾಪಸ್ ಬಂತು. ಇಬ್ಬರು ಕಮ್ಮಿ ಇದ್ದಾರೆ ಎಂದು ಗೊತ್ತಾಗಲು ಎರಡು ದಿನ ಹಿಡಿಯಿತು. ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿ ಹೋಗಿತ್ತು.

ಇದು ಕಟ್ಟುಕಥೆಯಲ್ಲ. 1998ರ ಜನವರಿ 25ರಂದು ಆಸ್ಟ್ರೇಲಿಯಾ ದೇಶದ ಕ್ವೀನ್ಸ್‌ಲ್ಯಾಂಡ್ ಕಡಲಿನಲ್ಲಿ ನಡೆದ ಸಂಗತಿ. ಅಲ್ಲಿಯದು ನಮಗ್ಯಾಕೆ ಅನ್ನುತ್ತೀರಾ? ಶನಿವಾರ ಭಾನುವಾರ ಬೆಳಗಿನ ಬಸ್ಸಿಗೆ ಮುರುಡೇಶ್ವರದಲ್ಲಿ ಇಳಿಯುವ ಹುಡುಗ ಹುಡುಗಿಯರನ್ನು ನೋಡಿ. ಮೊದಲು ಶಿವನ ಮೂರ್ತಿ ಕೇಳುತ್ತಿದ್ದವರು ಈಗ ಸ್ಕೂಬಾ ದೋಣಿ ಎಲ್ಲಿ ಹೊರಡುತ್ತೆ ಎಂದು ಕೇಳುತ್ತಾರೆ. ದಡದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿಗಿಳಿದು, ಬಣ್ಣಬಣ್ಣದ ಮೀನು ನೋಡಿ ಬರುವುದು ಈಗಿನ ಷೋಕಿ. ಷೋಕಿ ತಪ್ಪಲ್ಲ. ಆದರೆ ಹೋದವರೆಲ್ಲ ಬಂದರೋ ಇಲ್ಲವೋ ಎಂದು ನೋಡುವವರು ಯಾರು? ಆಸ್ಟ್ರೇಲಿಯಾದ ಕಥೆ ಬೇಕಾಗುವುದು ಇಲ್ಲಿಯೇ.

ಮಧ್ಯಾಹ್ನ ಮೂರು ಗಂಟೆಯ ಮುಳುಗು

ಅವರು ಅಮೆರಿಕದ ಗಂಡ ಹೆಂಡತಿ. ಮೂವತ್ತರ ಆಸುಪಾಸಿನ ವಯಸ್ಸು. ದಕ್ಷಿಣ ಪೆಸಿಫಿಕ್ ದ್ವೀಪಗಳಲ್ಲಿ ಸ್ವಯಂಸೇವಕರಾಗಿ ದುಡಿದು, ಊರಿಗೆ ಮರಳುವ ಮೊದಲು ನಾಲ್ಕು ಊರು ನೋಡೋಣ ಎಂದು ಹೊರಟವರು. ಇಬ್ಬರಿಗೂ ಮುಳುಗುವುದು ಹೊಸದೇನಲ್ಲ. ಆ ದಿನ ಪೋರ್ಟ್ ಡಗ್ಲಸ್ ಎಂಬ ಬಂದರಿನಿಂದ ‘ಔಟರ್ ಎಡ್ಜ್’ ಎಂಬ ದೋಣಿ ಹತ್ತಿ, ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಜಗತ್ಪ್ರಸಿದ್ಧ ಹವಳದ ಸಾಲಿನ ಹೊರಂಚಿಗೆ ಹೋದರು. ಸೇಂಟ್ ಕ್ರಿಸ್ಪಿನ್ಸ್ ರೀಫ್ ಎಂಬುದು ಜಾಗದ ಹೆಸರು. ದಡ ಅಲ್ಲಿಂದ ಬಹಳ ದೂರ.

ದಿನದ ಕೊನೆಯ ಮುಳುಗಿಗೆ ಇಬ್ಬರೂ ಇಳಿದರು. ಮೇಲೆ ಬಂದಾಗ ದೋಣಿ ಇರಬೇಕಾದ ಜಾಗದಲ್ಲಿ ಬರೀ ನೀರು!

ದೋಣಿ ಬಂದರಿಗೆ ಹೋಯಿತು, ಜನ ಇಳಿದರು, ಸಿಬ್ಬಂದಿ ಸಾಮಾನು ತೊಳೆದಿಟ್ಟರು, ಮನೆಗೆ ಹೋದರು. ದೋಣಿಯೊಳಗೆ ಆ ದಂಪತಿಯ ಚೀಲ ಹಾಗೇ ಬಿದ್ದಿತ್ತು. ಯಾರೋ ಮರೆತು ಹೋಗಿದ್ದಾರೆ, ಬಂದು ಕೇಳುತ್ತಾರೆ ಎಂದುಕೊಂಡರೋ ಏನೋ, ಯಾರೂ ತೆಗೆದು ನೋಡಲಿಲ್ಲ. ಮರುದಿನ ಅದೇ ಜಾಗಕ್ಕೆ ಮುಳುಗಲು ಬಂದ ಬೇರೆಯವರಿಗೆ ತಳದಲ್ಲಿ ಮುಳುಗುವವರು ಸೊಂಟಕ್ಕೆ ಕಟ್ಟಿಕೊಳ್ಳುವ ತೂಕದ ಗುಂಡುಗಳು ಸಿಕ್ಕವು. ಆಗಲೂ ಯಾರಿಗೂ ಅನುಮಾನ ಬರಲಿಲ್ಲ.

ಜನವರಿ 27ರಂದು ಚೀಲ ಬಿಚ್ಚಿ ನೋಡಿದಾಗ ಗುರುತಿನ ಕಾಗದಪತ್ರಗಳು ಕಂಡವು. ಉಳಿದುಕೊಂಡಿದ್ದ ವಸತಿಗೃಹಕ್ಕೆ ಫೋನು ಮಾಡಿದರೆ, ಅವರು ಬಂದೇ ಇಲ್ಲ ಎಂಬ ಉತ್ತರ. ಆಮೇಲೆ ವಿಮಾನ, ಹೆಲಿಕಾಪ್ಟರು, ಹಡಗು ಎಲ್ಲಾ ಓಡಿದವು. ದಿನಗಟ್ಟಲೆ ಹುಡುಕಿದರು. ಇಬ್ಬರ ಸುಳಿವೂ ಸಿಗಲಿಲ್ಲ. ಇಂದಿಗೂ ಸಿಕ್ಕಿಲ್ಲ.

ತಾವಾಗಿಯೇ ಮಾಯವಾದರು, ಬೇಕೆಂದೇ ಸತ್ತರು ಎಂದು ಗಾಳಿಮಾತುಗಳು ಎದ್ದವು. ಊರ ಬಾಯಿಗೆ ಎಲ್ಲಿದೆ ಬೀಗ? ತಿಂಗಳುಗಳು ಕಳೆದ ಮೇಲೆ ದೂರದಲ್ಲಿ ಮುಳುಗುಗಾರರ ಬರೆಯುವ ಹಲಗೆಯೊಂದು ಸಿಕ್ಕಿತು. ನೀರಿನೊಳಗೆ ಮಾತಾಡಲಾಗದವರು ಪೆನ್ಸಿಲಿನಲ್ಲಿ ಬರೆದು ತೋರಿಸುವ ಹಲಗೆ ಅದು. ಅದರ ಮೇಲೆ ಜನವರಿ 26, ಬೆಳಿಗ್ಗೆ 8 ಗಂಟೆ ಎಂದು ಬರೆದಿತ್ತು. ಹಿಂದಿನ ದಿನ ಮಧ್ಯಾಹ್ನ 3 ಗಂಟೆಗೆ ದೋಣಿ ತಮ್ಮನ್ನು ಬಿಟ್ಟು ಹೋಗಿದೆ, ಸಾಯುವ ಮೊದಲು ಯಾರಾದರೂ ಬಂದು ಕಾಪಾಡಿ ಎಂಬುದು ಅದರ ಸಾರಾಂಶ. ದೋಣಿಯ ಹೆಸರೂ ಇತ್ತು.

ಲೆಕ್ಕ ಹಾಕಿ ನೋಡಿ. ಮಧ್ಯಾಹ್ನ 3ರಿಂದ ಬೆಳಿಗ್ಗೆ 8ಕ್ಕೆ 17 ತಾಸು. ಅಂದರೆ ಒಂದು ಇಡೀ ರಾತ್ರಿ ಆ ಇಬ್ಬರು ನಡುಗಡಲಿನಲ್ಲಿ ತೇಲುತ್ತಾ ಜೀವಂತ ಇದ್ದರು. ಅಂದು ಸಂಜೆಯೇ ಯಾರಾದರೂ ಸರಿಯಾಗಿ ಎಣಿಸಿದ್ದರೆ ದೋಣಿ ತಿರುಗಿಸಿ ಕರೆತರುವಷ್ಟು ಸಮಯವಿತ್ತು. ಸತ್ತದ್ದು ಈಜು ಬಾರದೆ ಅಲ್ಲ, ಗಾಳಿ ಮುಗಿದೂ ಅಲ್ಲ, ಮೀನು ಕಚ್ಚಿಯಲ್ಲ. ಲೆಕ್ಕ ತಪ್ಪಿ!

ಲೆಕ್ಕ ತಪ್ಪಿದ್ದು ಹೇಗೆ?

ವಿಚಾರಣೆಯಲ್ಲಿ ಹೊರಬಂದ ವಿವರ ಅಂಗಡಿ ನಡೆಸುವವರಿಗೆ ಕೂಡಲೇ ಅರ್ಥವಾಗುವಂಥದು. ಹೊರಡುವ ಮುಂಚೆ ಸಿಬ್ಬಂದಿ ತಲೆ ಎಣಿಸುತ್ತಿದ್ದಾಗ ಪ್ರಯಾಣಿಕರಲ್ಲಿ ಇಬ್ಬರು ಮತ್ತೆ ನೀರಿಗೆ ಹಾರಿದರಂತೆ. ಎಣಿಸಿದಾಗ ಸಿಕ್ಕ ಲೆಕ್ಕ 24. ನೀರಿನಲ್ಲಿ ಇಬ್ಬರಿದ್ದಾರೆ ಎಂದು ಯಾರೋ ಹೇಳಿದರು. 24ಕ್ಕೆ 2 ಕೂಡಿದರೆ 26, ಲೆಕ್ಕ ಸರಿಹೋಯಿತು, ರೈಟ್! ಆದರೆ ಆ ಇಬ್ಬರನ್ನು ಮೊದಲೇ 24ರಲ್ಲಿ ಎಣಿಸಿ ಆಗಿತ್ತು.

ಗೋದಾಮಿನಲ್ಲಿ ಒಂದೇ ಅಕ್ಕಿ ಚೀಲವನ್ನು ಎರಡು ಸಲ ಎಣಿಸಿದರೆ ಏನಾಗುತ್ತೆ? ಪುಸ್ತಕದಲ್ಲಿ ಸ್ಟಾಕು ಸರಿ ಇರುತ್ತೆ, ಗೋದಾಮಿನಲ್ಲಿ ಇರೋಲ್ಲ. ಚೀಲವಾದರೆ ನೂರಾರು ರೂಪಾಯಿ ನಷ್ಟ. ಮನುಷ್ಯರಾದರೆ?

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ್ದು ಒಂದುಂಟು. ಎಣಿಕೆ ಮಾಡಲೇ ಇಲ್ಲ ಅನ್ನುವಂತಿಲ್ಲ. ಮಾಡಿದರು. ಆದರೆ ಎಲ್ಲರೂ ಓಡಾಡುತ್ತಿರುವಾಗ, ಬಾಯಿಲೆಕ್ಕದಲ್ಲಿ, ಹೆಸರು ಕರೆಯದೆ ಮಾಡಿದರು. ಎಣಿಕೆ ತಪ್ಪಿದರೆ ಹಿಡಿಯುವ ಎರಡನೇ ದಾರಿ ಇರಲಿಲ್ಲ. ಎಷ್ಟು ಸಿಲಿಂಡರು ಹೋದವು, ಎಷ್ಟು ಬಂದವು ಎಂದು ತಾಳೆ ನೋಡಿದ್ದರೆ ಎರಡು ಕಮ್ಮಿ ಬೀಳುತ್ತಿತ್ತು. ದಡದಲ್ಲಿ ಇಳಿಯುವಾಗ ಒಬ್ಬೊಬ್ಬರಿಂದ ಸಹಿ ತೆಗೆದುಕೊಂಡಿದ್ದರೆ ಎರಡು ಸಹಿ ಖಾಲಿ ಉಳಿಯುತ್ತಿತ್ತು. ಅನಾಥ ಚೀಲ ಅಂದೇ ಬಿಚ್ಚಿದ್ದರೂ ಸಾಕಿತ್ತು. ಹೀಗೆ ಒಂದರ ಮೇಲೊಂದು ಬಾಗಿಲು ತೆರೆದೇ ಇತ್ತು, ಒಳಗೆ ಇಣುಕಿದವರಿಲ್ಲ.

ದೋಣಿಯ ನಾಯಕನ ಮೇಲೆ ಕೇಸು ನಡೆಯಿತು. 1999ರಲ್ಲಿ ಜ್ಯೂರಿ ಅವನು ನಿರ್ದೋಷಿ ಎಂದಿತು. ಕಂಪನಿ ತನ್ನ ನಿರ್ಲಕ್ಷ್ಯ ಒಪ್ಪಿಕೊಂಡು ದಂಡ ಕಟ್ಟಿತು, ವ್ಯಾಪಾರವೂ ಮುಚ್ಚಿತು. ಕ್ವೀನ್ಸ್‌ಲ್ಯಾಂಡ್ ಸರ್ಕಾರ ನಿಯಮ ಬಿಗಿ ಮಾಡಿತು. ಹೊರಡುವ ಮುಂಚೆ ಎಲ್ಲರ ಎಣಿಕೆ ಆಗಬೇಕು, ಅದು ಪುಸ್ತಕದಲ್ಲಿ ದಾಖಲಾಗಬೇಕು. ಬಾಯಿಮಾತು ನಡೆಯುವುದಿಲ್ಲ. ಈ ಘಟನೆಯಿಂದಲೇ ಪ್ರೇರಣೆ ಪಡೆದು ‘ಓಪನ್ ವಾಟರ್’ ಎಂಬ ಸಿನಿಮಾ 2003ರಲ್ಲಿ ಬಂತು. ಸಿನಿಮಾ ನೋಡಿ ಜನ ಬೆಚ್ಚಿದ್ದು ಶಾರ್ಕು ಮೀನಿಗೆ. ಬೆಚ್ಚಬೇಕಾಗಿದ್ದು ಎಣಿಕೆಗೆ.

ಹಾಜರಿ ಹಾಕಿದರೂ ಆಳಿಲ್ಲ!

ಪುಸ್ತಕವಿದ್ದರೆ ಸಾಕೇ? ಅದೂ ಸಾಲದು ಎಂದು 2004ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತೋರಿಸಿಕೊಟ್ಟಿತು. ಏಪ್ರಿಲ್ ತಿಂಗಳ ಒಂದು ದಿನ ಮುಳುಗಲು ಹೋದ ಒಬ್ಬನನ್ನು ದೋಣಿಯವರು ನೀರಿನಲ್ಲೇ ಬಿಟ್ಟು ಮುಂದಿನ ಜಾಗಕ್ಕೆ ಹೋದರು. ಮಂಜು ಕವಿದಿತ್ತು. ಹಾಜರಿ ಪಟ್ಟಿಯಲ್ಲಿ ಅವನ ಹೆಸರಿಗೆ ಗುರುತು ಬಿದ್ದಿತ್ತು. ಅಷ್ಟೇ ಅಲ್ಲ, ಎರಡನೇ ಜಾಗದಲ್ಲೂ ಅವನು ಮುಳುಗಿ ಬಂದ ಎಂದೇ ದಾಖಲಾಗಿತ್ತು! ಇಲ್ಲದ ಆಳು ಕಾಗದದ ಮೇಲೆ ಮುಳುಗಿ ಎದ್ದ.

ಅವನ ಆಯಸ್ಸು ಗಟ್ಟಿ. ತಾಸುಗಟ್ಟಲೆ ತೇಲಿದ ಮೇಲೆ, ಸ್ಕೌಟ್ ಹುಡುಗರಿದ್ದ ಹಾಯಿಹಡಗೊಂದು ಆ ದಾರಿಯಲ್ಲಿ ಬಂತು. ಒಬ್ಬ ಹುಡುಗನ ಕಣ್ಣಿಗೆ ಬಿದ್ದು ಬದುಕಿದ. 2010ರಲ್ಲಿ ಕೋರ್ಟು ಅವನಿಗೆ ಸುಮಾರು 16.8 ಲಕ್ಷ ಡಾಲರ್ ಪರಿಹಾರ ಕೊಡಿಸಿತು.

ನಮ್ಮ ಬಸ್ಸಿನ ಕಂಡಕ್ಟರನ್ನು ಬೈಯುವವರೇ ಹೆಚ್ಚು. ಚಿಲ್ಲರೆ ಕೊಡೋಲ್ಲ, ಸ್ಟಾಪಿನಲ್ಲಿ ನಿಲ್ಲಿಸೋಲ್ಲ ಅಂತ. ಆದರೆ ರಾತ್ರಿ ಬಸ್ಸು ಚಹಕ್ಕೆ ನಿಂತು ಹೊರಡುವಾಗ ಅವನು ಮಾಡುವ ಕೆಲಸ ನೋಡಿ. ಇಂಜಿನ್ ಸ್ಟಾರ್ಟ್ ಆದರೂ ‘ರೈಟ್’ ಅನ್ನೋಲ್ಲ. ಮುಂದಿನಿಂದ ಹಿಂದಿನವರೆಗೆ ಸೀಟು ಸೀಟು ನೋಡಿಕೊಂಡು ಬರುತ್ತಾನೆ. ‘ಕಿಟಕಿ ಪಕ್ಕ ಕೂತಿದ್ದ ಅಜ್ಜಿ ಬಂದ್ರಾ?’ ಅನ್ನುತ್ತಾನೆ. ‘ಇನ್ನೂ ಬಂದಿಲ್ಲ ಕಂಡಕ್ಟ್ರೇ, ಸ್ವಲ್ಪ ತಡೀರಿ’ ಎಂದು ಪಕ್ಕದವರು ಹೇಳುತ್ತಾರೆ. ಅವನು ಎಣಿಸುವುದು ತಲೆಯನ್ನಲ್ಲ, ಖಾಲಿ ಸೀಟನ್ನು. ಪಕ್ಕದ ಸೀಟಿನವರ ಸಾಕ್ಷಿಯನ್ನೂ ಕೇಳುತ್ತಾನೆ. ಮುಳುಗುವವರ ಲೋಕದಲ್ಲೂ ಇದೇ ಪದ್ಧತಿಯಿದೆ. ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರ. ನನ್ನ ಜೊತೆಯವನು ಮೇಲೆ ಬಂದಿಲ್ಲ ಎಂದು ಕೂಗುವುದು ಅವನ ಕರ್ತವ್ಯ. ಆ ದಂಪತಿಯ ದುರ್ದೈವ ನೋಡಿ, ಇಬ್ಬರೂ ಪರಸ್ಪರ ಜೊತೆಗಾರರು. ಇಬ್ಬರೂ ನೀರಿನಲ್ಲಿ. ಕೂಗುವವರು ಯಾರು?

ಗಾಳಿಯೇ ಬಂಡವಾಳ

ಎಣಿಕೆ ದೋಣಿಯವರ ಕೆಲಸವಾಯಿತು. ನೀರಿನ ಕೆಳಗೆ ತನ್ನ ಜೀವ ತಾನೇ ನೋಡಿಕೊಳ್ಳುವುದು ಮುಳುಗುವವನ ಕೆಲಸ. ಇಲ್ಲಿ ಸಾಯುವವರು ಯಾಕೆ ಸಾಯುತ್ತಾರೆ? 1992ರಿಂದ 2003ರವರೆಗಿನ 947 ಸಾವುಗಳನ್ನು ಪರಿಶೀಲಿಸಿದ ಅಮೆರಿಕದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯವರ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಮೂಲ ಕಾರಣ ಗುರುತಿಸಲು ಆದ ಪ್ರಕರಣಗಳಲ್ಲಿ ನೂರಕ್ಕೆ 41ರಲ್ಲಿ ಗಾಳಿ ಸಾಲದೇ ಹೋದದ್ದು, 20ರಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡದ್ದು, 15ರಲ್ಲಿ ಸಲಕರಣೆಯ ತೊಂದರೆ. ಗಾಳಿ ಮುಗಿಯುವುದು ದೊಡ್ಡ ಶತ್ರು ಎಂದಾಯಿತು.

ಸಿಲಿಂಡರಿನಲ್ಲಿ ಗಾಳಿ ಎಷ್ಟಿರುತ್ತೆ? 12 ಲೀಟರಿನ ಸಿಲಿಂಡರಿಗೆ 200 ಪಟ್ಟು ಒತ್ತಡದಲ್ಲಿ ತುಂಬಿದರೆ ಸುಮಾರು 2400 ಲೀಟರು ಗಾಳಿ. ಸಮಾಧಾನವಾಗಿ ಉಸಿರಾಡುವವನಿಗೆ ನೀರಿನ ಮೇಲೆ ನಿಮಿಷಕ್ಕೆ 20 ಲೀಟರು ಬೇಕು ಎಂದಿಟ್ಟುಕೊಳ್ಳಿ. ಎರಡು ತಾಸು ಬಂತು. ಆದರೆ 10 ಮೀಟರು ಇಳಿದರೆ ನೀರಿನ ಭಾರಕ್ಕೆ ಗಾಳಿ ಒತ್ತಿಕೊಂಡು ಖರ್ಚು ಇಮ್ಮಡಿ, ಒಂದೇ ತಾಸು. 20 ಮೀಟರಿಗೆ ಮುಮ್ಮಡಿ, 40 ನಿಮಿಷ. ಗಾಬರಿ ಬಿದ್ದು ಏದುಸಿರು ಬಿಟ್ಟರೆ ಅದೂ ಅರ್ಧ. ಅದರಲ್ಲಿಯೂ ಕೊನೆಯ ಕಾಲುಭಾಗವನ್ನು ಮುಟ್ಟದೆ ಮೇಲೆ ಬರಬೇಕು. ಬಂಡವಾಳ ಕರಗುವ ಮುಂಚೆ ಅಂಗಡಿ ಮುಚ್ಚುವವನು ಜಾಣ. ಅದಕ್ಕೇ ಗಾಳಿಯ ಮೀಟರು ಆಗಾಗ ನೋಡುತ್ತಿರಬೇಕು.

ಎರಡನೇ ನಿಯಮ: ನೀರಿನೊಳಗೆ ಉಸಿರು ಕಟ್ಟಲೇಬಾರದು. ಕೆರೆಯಲ್ಲಿ ಮುಳುಗು ಹಾಕಿ ಅಭ್ಯಾಸವಿದ್ದವರು ಇಲ್ಲಿಯೇ ಎಡವುತ್ತಾರೆ. ಕೆರೆಯಲ್ಲಿ ಮೇಲಿನ ಗಾಳಿ ಎಳೆದುಕೊಂಡು ಇಳಿಯುತ್ತೇವೆ. ಸ್ಕೂಬಾದಲ್ಲಿ ಕೆಳಗೇ ಒತ್ತಡದ ಗಾಳಿ ಎಳೆಯುತ್ತೇವೆ. 10 ಮೀಟರಿನಲ್ಲಿ ಎದೆ ತುಂಬ ಎಳೆದು ಬಾಯಿ ಮುಚ್ಚಿಕೊಂಡು ಮೇಲೆ ಬಂದರೆ ಆ ಗಾಳಿ ಎರಡರಷ್ಟು ಹಿಗ್ಗುತ್ತದೆ. ಶ್ವಾಸಕೋಶ ಬಲೂನಲ್ಲ, ಹರಿಯುತ್ತದೆ.

ಮೂರನೆಯದು, ಮೇಲೆ ಬರುವ ಅವಸರ. ಗೋಲಿಸೋಡಾ ಒತ್ತಿದ ಕೂಡಲೇ ಬುಸ್ಸೆಂದು ಗುಳ್ಳೆ ಏಳುವುದನ್ನು ಎಲ್ಲರೂ ನೋಡಿದ್ದೀರಿ. ಆಳದಲ್ಲಿ ಹೆಚ್ಚು ಹೊತ್ತಿದ್ದವನ ರಕ್ತದಲ್ಲಿ ನೈಟ್ರೋಜನ್ ಹಾಗೆಯೇ ಕರಗಿರುತ್ತದೆ. ಒಮ್ಮೆಲೇ ಮೇಲೆ ಬಂದರೆ ಮೈಯೊಳಗೇ ಗುಳ್ಳೆ. ಕೀಲುನೋವಿನಿಂದ ಹಿಡಿದು ಲಕ್ವದವರೆಗೆ ಏನೂ ಆಗಬಹುದು. ನಿಮಿಷಕ್ಕೆ 9 ಮೀಟರಿಗಿಂತ ಬೇಗ ಏರದೆ, 5 ಮೀಟರಿನಲ್ಲಿ 3 ನಿಮಿಷ ನಿಂತು ಬರುವ ಕ್ರಮ ಇರುವುದು ಇದಕ್ಕೇ. ಮುಳುಗಿದ ದಿನವೇ ವಿಮಾನ ಹತ್ತಬಾರದು. ಒಂದು ಮುಳುಗಿಗೆ ಕನಿಷ್ಠ 12 ತಾಸು, ಹೆಚ್ಚು ಮುಳುಗಿದ್ದರೆ 18 ತಾಸು ಬಿಡುವು ಬೇಕು. ಎತ್ತರಕ್ಕೆ ಏರುವುದೇ ತೊಂದರೆ, ವಿಮಾನವೇ ಆಗಬೇಕೆಂದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಆಳಕ್ಕೆ ಹಲವು ಸಲ ಮುಳುಗಿದವರು ಅಂದೇ ರಾತ್ರಿ ಘಾಟಿ ಹತ್ತುವ ಬಸ್ಸಿಗೆ ಓಡುವ ಮುಂಚೆ ತರಬೇತುದಾರರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ನಾಲ್ಕನೆಯದು, ಸೊಂಟದ ತೂಕ. ಮುಳುಗಲು ಅದು ಬೇಕು, ಅಪಾಯದಲ್ಲಿ ಅದೇ ಯಮಪಾಶ. ಒಂದೇ ಕೈಯಲ್ಲಿ ಬಿಚ್ಚಿ ಕೆಳಗೆ ಬಿಡಲು ಬರಬೇಕು. ಸತ್ತವರಲ್ಲಿ ಬಹಳ ಮಂದಿಯ ಸೊಂಟದಲ್ಲಿ ತೂಕ ಹಾಗೇ ಇರುತ್ತದೆ ಎಂಬುದು ಹುಡುಕಿ ತೆಗೆದವರ ಅನುಭವ. ತೂಕ ಬಾಡಿಗೆಯದು, ಜೀವ ಸ್ವಂತದ್ದು.

ಐದನೆಯದು, ಕಾಣಿಸಿಕೊಳ್ಳುವ ಉಪಾಯ. ಅಲೆಗಳ ನಡುವೆ ಮನುಷ್ಯನ ತಲೆ ಒಂದು ತೆಂಗಿನಕಾಯಿಯಷ್ಟು. ಅರ್ಧ ಮೈಲಿಯಿಂದ ಯಾರಿಗೂ ಕಾಣದು. ಒಂದು ಸೀಟಿ, ಊದಿದರೆ ಆಳೆತ್ತರ ನಿಲ್ಲುವ ಕಿತ್ತಳೆ ಬಣ್ಣದ ಕೊಳವೆ, ಒಂದು ಟಾರ್ಚು. ಇಷ್ಟು ಜೇಬಿನಲ್ಲಿದ್ದರೆ ಹುಡುಕುವವರಿಗೆ ದಾರಿಯಾಗುತ್ತೆ.

ಓದದೆ ಹಾಕಿದ ಸಹಿ

ನೇತ್ರಾಣಿಗೆ ಹೋಗುವವರಲ್ಲಿ ಹೆಚ್ಚಿನವರು ಹೊಸಬರು. ಈಜು ಬಾರದಿದ್ದರೂ ನಡೆಯುತ್ತೆ ಎಂದು ಕೇಳಿ ಬಂದವರು. ತರಬೇತುದಾರ ಹಿಡಿದುಕೊಂಡೇ ಇಳಿಸುತ್ತಾನೆ. ಹೊಸಬರಿಗೆ 12 ಮೀಟರಿಗಿಂತ ಆಳ ಸಲ್ಲದು ಎಂಬುದು ಅಂತರರಾಷ್ಟ್ರೀಯ ತರಬೇತಿಯ ಕಟ್ಟಳೆ. ಹತ್ತುವ ಮುಂಚೆ ಒಂದು ಫಾರಂ ಕೊಡುತ್ತಾರೆ. ಹೃದಯದ ಕಾಯಿಲೆ ಇದೆಯೇ, ಆಸ್ತಮಾ ಇದೆಯೇ, ಫಿಟ್ಸ್ ಬರುತ್ತದೆಯೇ, ಕಿವಿ ಸೋರುತ್ತದೆಯೇ ಎಂದೆಲ್ಲ ಇರುತ್ತದೆ. ಸಾಲದ ಫಾರಂಗೆ ಹಾಕಿದ ಹಾಗೆ ಎಲ್ಲದಕ್ಕೂ ‘ಇಲ್ಲ’ ಎಂದು ಬರೆದು ಸಹಿ ಹಾಕುವವರುಂಟು. ದುಡ್ಡು ಕೊಟ್ಟಾಗಿದೆ, ಗೆಳೆಯರೆಲ್ಲ ಹೋಗುತ್ತಿದ್ದಾರೆ, ತಾನೊಬ್ಬ ದಡದಲ್ಲಿ ಕೂರುವುದೇ ಎಂಬ ಸಂಕೋಚ. ಹಿಂದಿನ ರಾತ್ರಿ ಗುಂಡು ಹಾಕಿ, ನಿದ್ದೆಗೆಟ್ಟು ಬಸ್ಸಿನಲ್ಲಿ ಬಂದು ಬೆಳಿಗ್ಗೆ ಮುಳುಗುವವರೂ ಇದ್ದಾರೆ. ಸಮುದ್ರಕ್ಕೆ ಸಂಕೋಚ ಇಲ್ಲ, ದಾಕ್ಷಿಣ್ಯವೂ ಇಲ್ಲ.

ದೋಣಿ ಹತ್ತುವ ಮುಂಚೆ ಗಿರಾಕಿ ಕೇಳಬೇಕಾದ ಪ್ರಶ್ನೆಗಳು ಇಷ್ಟು:

1. ಪ್ರಯಾಣಿಕರ ಹೆಸರಿನ ಪಟ್ಟಿ ಇದೆಯೇ? ಅದರ ಒಂದು ಪ್ರತಿ ದಡದಲ್ಲಿ ಯಾರ ಹತ್ತಿರ ಇದೆ?

2. ಪ್ರತಿ ಮುಳುಗಿನ ನಂತರ ಹೆಸರು ಕರೆದು, ಮುಖ ನೋಡಿ ಎಣಿಸುವವರು ಯಾರು? ಎಣಿಸುವಾಗ ಎಲ್ಲರೂ ಕೂತಿರುತ್ತಾರೆಯೇ?

3. ಒಬ್ಬ ತರಬೇತುದಾರನಿಗೆ ಎಷ್ಟು ಜನ? ಅವನ ಸರ್ಟಿಫಿಕೇಟು ಎಲ್ಲಿ?

4. ದೋಣಿಯಲ್ಲಿ ಆಮ್ಲಜನಕದ ಸಿಲಿಂಡರು, ವೈರ್‌ಲೆಸ್, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ?

5. ಎಲ್ಲರೂ ನೀರಿನಲ್ಲಿರುವಾಗ ದೋಣಿಯ ಮೇಲೆ ಕಾವಲು ಯಾರು?

6. ಏನಾದರೂ ಆದರೆ ಯಾವ ಆಸ್ಪತ್ರೆ? ಒತ್ತಡದ ಕೋಣೆಯ ಚಿಕಿತ್ಸೆ ಎಲ್ಲಿ ಸಿಗುತ್ತದೆ?

ಉತ್ತರ ಕೊಡಲು ಬೇಸರಪಡುವವನ ದೋಣಿ ಹತ್ತದಿದ್ದರೆ ನಷ್ಟವಿಲ್ಲ. ಒಳ್ಳೆಯ ದೋಣಿಯವನು ಕೇಳಿದ್ದಕ್ಕೆ ಖುಷಿಪಡುತ್ತಾನೆ. ಸಮುದ್ರದಲ್ಲಿ ಆಪತ್ತಾದರೆ ಕೋಸ್ಟ್ ಗಾರ್ಡಿನ ನಂಬರು 1554, ಕರಾವಳಿ ಕಾವಲು ಪೊಲೀಸರ ನಂಬರು 1093. ಇವೆರಡನ್ನು ಬರೆದಿಟ್ಟುಕೊಳ್ಳಿ.

ದಡದವರ ಜವಾಬ್ದಾರಿ

ಮುರುಡೇಶ್ವರದ ಕಡಲು ಕಂಡ ನೋವು ಕಮ್ಮಿಯದಲ್ಲ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇಲ್ಲಿನ ಅಲೆಗೆ ಸಿಕ್ಕಿ ತೀರಿಕೊಂಡರು. ಅದು ಸ್ಕೂಬಾ ಅಲ್ಲ, ದಡದ ನೀರಾಟ. ಆದರೆ ಆಮೇಲೆ ನಡೆದದ್ದು ಎಲ್ಲ ಕಡೆಯಂತೆಯೇ. ಬೀಚು ಬಂದ್ ಆಯಿತು, ಕಾವಲಿನ ಮಾತು ಬಂತು. ಮಕ್ಕಳು ಹೋದ ಮೇಲೆ ಎಚ್ಚರ ಬಂತು. ಎಚ್ಚರ ಮೊದಲು ಬರಬೇಕೆಂದರೆ ಯಾರಾದರೂ ಸಾಯಲೇಬೇಕೇ?

ಕರಾವಳಿಯ ಮೀನುಗಾರರಿಗೆ ಈ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ದೋಣಿಯಲ್ಲಿ ಯಾರು ಹೋದರು, ಯಾವಾಗ ಬರಬೇಕು ಎಂಬುದು ಮನೆಯ ಹೆಂಗಸರಿಗೂ ಗೊತ್ತು. ಹೊತ್ತು ಮೀರಿದರೆ ಅವರು ದಡಕ್ಕೆ ಬಂದು ನಿಲ್ಲುತ್ತಾರೆ. ಪ್ರವಾಸಿಗೆ ದಡದಲ್ಲಿ ಹಾಗೆ ಕಾಯುವವರಿಲ್ಲ. ಅವನ ಅಪ್ಪ ಅಮ್ಮ ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಇರುತ್ತಾರೆ. ಆಸ್ಟ್ರೇಲಿಯಾದ ಆ ದಂಪತಿಯ ಕಥೆಯೂ ಇದೇ. ಪರವೂರಿನವರು, ಕಾಯುವವರಿಲ್ಲದವರು. ಅದಕ್ಕೇ ಎರಡು ದಿನ ಯಾರೂ ಕೇಳಲಿಲ್ಲ.

ಹಾಗಾಗಿ ದಡದ ವಸತಿಗೃಹದವರು, ಅಂಗಡಿಯವರು, ಆಟೋದವರು ಎಲ್ಲರಿಗೂ ಇದರಲ್ಲಿ ಪಾಲುಂಟು. ಬೆಳಿಗ್ಗೆ ಕಡಲಿಗೆ ಹೋದ ಗಿರಾಕಿ ರಾತ್ರಿ ರೂಮಿಗೆ ಬಂದಿಲ್ಲವೆಂದರೆ ದೋಣಿಯವರಿಗೆ ಒಂದು ಫೋನು ಮಾಡಿದರೆ ಗಂಟೇನೂ ಹೋಗೋಲ್ಲ. ಹೆಚ್ಚಿನ ಪಾಲು ಮಾತ್ರ ಸರ್ಕಾರದ್ದು. ಹೊರಡುವ ಪ್ರತಿ ದೋಣಿಯ ಹೆಸರುಪಟ್ಟಿ ದಡದಲ್ಲಿ ದಾಖಲಾಗಬೇಕು, ವಾಪಸ್ ಬಂದಾಗ ಒಬ್ಬೊಬ್ಬರ ಸಹಿಯೊಂದಿಗೆ ತಾಳೆಯಾಗಬೇಕು, ತಾಳೆಯಾಗದಿದ್ದರೆ ಆ ನಿಮಿಷವೇ ಹುಡುಕಾಟ ಶುರುವಾಗಬೇಕು. ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಡ. ಒಂದು ಪುಸ್ತಕ, ಒಂದು ಪೆನ್ನು, ನಿಷ್ಠೆಯುಳ್ಳ ಒಬ್ಬ ಮನುಷ್ಯ ಸಾಕು. ಮಳೆಗಾಲ ಕಳೆದು ಪ್ರತಿ ಸಲ ದೋಣಿಗಳು ಮತ್ತೆ ನೀರಿಗಿಳಿಯುವ ಮುಂಚೆ ಪ್ರವಾಸೋದ್ಯಮ ಇಲಾಖೆಯವರೂ ಪೊಲೀಸರೂ ಒಂದು ದಿನ ದಡಕ್ಕೆ ಬಂದು ಆ ಪುಸ್ತಕ ತೆರೆದು ನೋಡಿದರೆ, ಅಷ್ಟೇ ಸಾಕು. ಸಂಬಂಧಪಟ್ಟವರು ಗಮನಿಸುವರೇ?